ಐದನೇ ತರಗತಿಗೆ ಮುಂಚಿನ ಬೇಸಿಗೆ: ಕೋಚಿಂಗ್, ಗೈಡ್, ಪಠ್ಯಪುಸ್ತಕ

ನಾಲ್ಕನೇ ತರಗತಿ ಮುಗಿದು ಏಪ್ರಿಲ್‌ನಲ್ಲಿ ರಜೆ ಬಂದರೆ ನಮ್ಮ ಕಡೆ ತಂದೆತಾಯಂದಿರ ಮಾತೆಲ್ಲ ನವೋದಯದ್ದೇ, ಅಂದರೆ ಕೇಂದ್ರ ಸರ್ಕಾರದ ಆ ವಸತಿ ಶಾಲೆಯ ಆರನೇ ತರಗತಿಗೆ ಸೇರುವ ಪ್ರವೇಶ ಪರೀಕ್ಷೆಯದ್ದೇ. ಮಗು ಐದರಲ್ಲಿ ಓದುವಾಗಲೇ ಬರೆಯಬೇಕು, ಇನ್ನೊಂದು ಸಲ ಬರೆಯಲು ಅವಕಾಶವಿಲ್ಲ. ಹೀಗಾಗಿ ಕಿರಿಯ ಪ್ರಾಥಮಿಕದ ಕೊನೆಯ ವರ್ಷದ ತಯಾರಿ ಬೇಸಿಗೆಯಲ್ಲೇ ಶುರುವಾಗುತ್ತದೆ. ಮಗಳನ್ನು ತಾಲ್ಲೂಕು ಕೇಂದ್ರದ ಬೇಸಿಗೆ ಕೋಚಿಂಗ್‌ಗೆ ಕಳಿಸಿದ್ದೆವು. ಮಗನಿಗೆ ಮನೆಯಲ್ಲೇ ಪಾಠ ಮಾಡಿದೆವು: ಮೊದಲು ಗೈಡ್ ಹಿಡಿದು, ಆಮೇಲೆ ಪಠ್ಯಪುಸ್ತಕ ಹಿಡಿದು.

ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು, 20 ಗಣಿತ, 20 ಭಾಷೆ. ಕನ್ನಡದಲ್ಲೇ ಬರೆಯಬಹುದು, ತಪ್ಪಿಗೆ ಅಂಕ ಕಳೆಯುವುದಿಲ್ಲ.

ಕೋಚಿಂಗ್‌ನವರ ಬಲ ಇರುವುದು ಆ 40 ಪ್ರಶ್ನೆಗಳಲ್ಲಿ. ಗುಂಪಿಗೆ ಸೇರದ ಚಿತ್ರ, ಕನ್ನಡಿಯ ಬಿಂಬ, ಮಡಚಿ ತೂತು ಮಾಡಿದ ಕಾಗದ, ಅಡಗಿದ ಆಕೃತಿ, ಇವೆಲ್ಲ ಮಗಳಿಗೆ ಬೇಗ ಕೈಗೆ ಬಂದವು. ಗಡಿಯಾರ ನೋಡಿಕೊಂಡು ಓಎಂಆರ್ ಉತ್ತರ ಹಾಳೆಯಲ್ಲಿ ವೃತ್ತ ತುಂಬುವ ರೂಢಿಯೂ ಆಯಿತು. ಆದರೆ ಗಣಿತ ಅಲ್ಲಿ ಓಟದಲ್ಲಿ ನಡೆಯಿತು. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆಯುವ ಉಪಾಯ ಬಾಯಿಗೆ ಬಂತು, ಅದು ಯಾಕೆ ಬೇಕು ಅನ್ನುವುದು ತಿಳಿಯಲಿಲ್ಲ. ಬಿಸಿಲಲ್ಲಿ ಬಸ್ಸಿನ ಓಡಾಟ ಬೇರೆ. ಸಂಜೆ ಅವಳು ಕಥೆಪುಸ್ತಕ ಮುಟ್ಟುತ್ತಿರಲಿಲ್ಲ.

ಗೈಡ್ ಅಗ್ಗ, ಹಳೆಯ ಪ್ರಶ್ನೆಪತ್ರಿಕೆಗಳೂ ಅದರಲ್ಲೇ ಸಿಗುತ್ತವೆ. ಆದರೆ ಬೇಸಿಗೆಗೆ ಅದು ತಕ್ಕದ್ದಲ್ಲ. ಇನ್ನೂ ಕಲಿಯದ ದಶಮಾಂಶದ ಲೆಕ್ಕಗಳು ಎದುರಾದಾಗ ಮಗ ಉತ್ತರದ ಪುಟ ತಿರುವುತ್ತಿದ್ದ. ಅದನ್ನು ದಸರಾ ರಜೆಗೆ ಎತ್ತಿಡುವುದೇ ಒಳ್ಳೆಯದು.

ನನ್ನ ಮನಸ್ಸಿಗೆ ಹಿಡಿಸಿದ್ದು ಮೂರನೆಯದು, ಪಠ್ಯಪುಸ್ತಕ. ಮಗ್ಗಿ 20ರವರೆಗೆ, ಹಿಂದುಮುಂದಾಗಿ ಕೇಳಿದರೂ ಹೇಳುವ ಹಾಗೆ. ನಾಲ್ಕರ ಗಣಿತ ಪುಸ್ತಕದ ಭಿನ್ನರಾಶಿ, ಅಳತೆ, ಸುತ್ತಳತೆ ಮತ್ತೊಮ್ಮೆ, ನಿಧಾನವಾಗಿ. ಕಾಲು ಕೆ.ಜಿ. ಬೇಳೆಯ ಬೆಲೆಯಿಂದ ಮುಕ್ಕಾಲು ಕೆ.ಜಿ.ಯದ್ದು ಲೆಕ್ಕ ಹಾಕುವ ಕೆಲಸ ಅಂಗಡಿಯಲ್ಲಿ ಅವನದೇ. ಐದರ ಪುಸ್ತಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಪಾಠದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ವಿಡಿಯೋ ಕೂಡ. ಕನ್ನಡಿಯ ಪ್ರಶ್ನೆಗೆ ಮನೆಯ ಕನ್ನಡಿ, ಕಾಗದದ ಪ್ರಶ್ನೆಗೆ ಹಳೆಯ ಪತ್ರಿಕೆ ಮತ್ತು ಕತ್ತರಿ ಸಾಕಾದವು. ಕೈಯಾರೆ ಮಡಚಿ ಕತ್ತರಿಸಿ ಬಿಚ್ಚಿ ನೋಡಿದ ಮಗುವಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಪಂಚಾಯಿತಿ ಗ್ರಂಥಾಲಯ. ಭಾಷೆಯ ಭಾಗವೆಂದರೆ ಗದ್ಯ ಓದಿ ಉತ್ತರಿಸುವುದು, ಅದಕ್ಕೂ ಗಣಿತಕ್ಕೂ ಸಮ ಅಂಕ. ತಡವರಿಸದೆ ಓದುವ ಮಗುವಿಗೆ ಅಲ್ಲಿ ಉಳಿಯುವ ಸಮಯ ಲೆಕ್ಕಗಳಿಗೆ ಸಿಗುತ್ತದೆ. ಇದನ್ನು ಯಾವ ಕೋಚಿಂಗೂ ಎರಡು ತಿಂಗಳಲ್ಲಿ ಕೊಡಲಾರದು. ಸೀಟು ಸಿಗದಿದ್ದರೂ ಆ ಓದು ಮಗುವಿನ ಜೊತೆಗೇ ಇರುತ್ತದಲ್ಲ!

ಮನೆಯಲ್ಲಿ ಕೂತು ಹೇಳಿಕೊಡುವವರು ಇಲ್ಲದಿದ್ದರೆ ಮಾತ್ರ ಕೋಚಿಂಗ್ ಹುಡುಕಿ, ಅದೂ ಊರಿನ ಹತ್ತಿರದ್ದೇ ಆಗಿರಲಿ. ಸೇರಿಸುವ ಮುಂಚೆ ಒಂದು ದಿನದ ಗಣಿತ ಪಾಠಕ್ಕೆ ಕೂರಲು ಬಿಡುತ್ತಾರೋ ಕೇಳಿ. ಹಳ್ಳಿಯವರಾದರೆ ಮಗು 3, 4, 5ನೇ ತರಗತಿ ಗ್ರಾಮೀಣ ಶಾಲೆಯಲ್ಲೇ ಓದಿದ ದಾಖಲೆ ಸರಿಯಿದೆಯೇ ನೋಡಿಕೊಳ್ಳಿ. ಕನಿಷ್ಠ 75 ಶೇಕಡಾ ಸೀಟು ಗ್ರಾಮೀಣ ಮಕ್ಕಳಿಗೇ ಇದೆ.