ಐಎನ್ಎಸ್ ಸುದರ್ಶಿನಿಯ ಮರದ ಮಾದರಿ, ಕಲಬುರಗಿಯಲ್ಲೇ ಮಾಡಿಸಿದ್ದು

ನಮ್ಮ ಅಣ್ಣನ ಮಗ ಕೇರಳದ ಎಳಿಮಲ ನೌಕಾ ಅಕಾಡೆಮಿಯಲ್ಲಿ ಕೆಡೆಟ್. ಅವನಿಗೆ ಕೊಡೋಕೆ ಅಂತ ನೌಕಾಪಡೆಯ ತರಬೇತಿ ಹಾಯಿಹಡಗು ಸುದರ್ಶಿನಿಯ ಮಾದರಿ ಮಾಡಿಸಿದೆ, ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸಣ್ಣ ಬಡಿಗ ಅಂಗಡಿಯಲ್ಲಿ. ಅಲ್ಲಿ ದಿನಾ ಆಗೋದು ದೇವರ ಮಂಟಪ, ಕಿಟಕಿ ಚೌಕಟ್ಟಿನ ಕೆಲಸ. ಹಡಗು ಅವರಿಗೆ ಹೊಸದು. ಆದರೂ ಬಹಳ ಚೆನ್ನಾಗಿ ಬಂದಿದೆ.

ನಿಜವಾದ ಹಡಗು 54 ಮೀಟರ್ ಉದ್ದ. ಗೋವಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ್ದು, 2012ರ ಜನವರಿಯಲ್ಲಿ ನೌಕಾಪಡೆಗೆ ಸೇರಿತು. ನೂರನೇ ಒಂದು ಪಾಲಿನ ಲೆಕ್ಕದಲ್ಲಿ ನಮ್ಮದು 54 ಸೆಂಟಿಮೀಟರ್, ಟಿವಿ ಸ್ಟ್ಯಾಂಡ್ ಮೇಲೆ ಆರಾಮಾಗಿ ಕೂರುತ್ತದೆ.

ನನಗೆ ಮುಖ್ಯವಾಗಿದ್ದು ಹಾಯಿಗಳು. ಅಂಗಡಿಯಲ್ಲಿ ರೆಡಿ ಸಿಗೋ ಶೋಪೀಸ್ ಹಡಗುಗಳಲ್ಲಿ ಮೂರೂ ಕಂಬಕ್ಕೆ ಸುಮ್ನೆ ಒಂದೇ ಥರ ಬಟ್ಟೆ ಅಂಟಿಸಿರುತ್ತಾರೆ. ಸುದರ್ಶಿನಿ ಹಾಗಿಲ್ಲ. ಮುಂದಿನ ಎರಡು ಕಂಬಗಳಲ್ಲಿ ಅಡ್ಡಮರಗಳಿಗೆ ಕಟ್ಟಿದ ಚೌಕ ಹಾಯಿಗಳು, ಹಿಂದಿನ ಕಂಬದಲ್ಲಿ ಹಡಗಿನ ಉದ್ದಕ್ಕೆ ನಿಲ್ಲೋ ಹಾಯಿಗಳು ಮಾತ್ರ. ಇಡೀ ಹಡಗಿನಲ್ಲಿ ಒಟ್ಟು 20 ಹಾಯಿ. ಅಂಗಡಿ ಕಾಕಾ ಫೋನಿನಲ್ಲಿ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿ, ಯಾವುದು ಎಲ್ಲಿ ಕಟ್ಟಿದೆ ಅಂತ ಕೇಳಿ ಕೇಳಿ ಮಾಡಿದರು. ‘ಇದರ ಮೇಲೆ ಹುಡುಗರು ಹತ್ತತಾರೇನ್ರೀ?’ ಅಂದರು. ಹೌದು, ಹತ್ತುತ್ತಾರೆ. ಜಿಪಿಎಸ್, ರಾಡಾರ್ ಇರೋ ಕಾಲದಲ್ಲೂ ನೌಕಾಪಡೆ ಹಾಯಿಹಡಗು ಬಿಟ್ಟಿಲ್ಲ. ಗಾಳಿ ಎತ್ತ ತಿರುಗಿತು, ಹಾಯಿ ಯಾವಾಗ ಮಡಚಬೇಕು, ಅಷ್ಟು ಜನ ಸೇರಿ ಒಂದೇ ಹಗ್ಗ ಹೇಗೆ ಎಳೀಬೇಕು ಅನ್ನೋದೆಲ್ಲ ಮೈಗೆ ಹತ್ತೋದು ಇಂಥ ಹಡಗಿನಲ್ಲೇ ಅಲ್ವಾ? ಇದರ ಅಕ್ಕನಂಥ ತರಂಗಿಣಿ 1997ರಲ್ಲಿ ಸೇವೆಗೆ ಬಂದದ್ದು, 2003-04ರಲ್ಲಿ ಇಡೀ ಭೂಮಿ ಸುತ್ತಿ ಬಂತು. ಮೊದಲ ಸಲ ಓದಿದಾಗ ಮೈ ಜುಮ್ ಅಂದಿತ್ತು.

ತಕರಾರು ಇರೋದು ಹಗ್ಗದ್ದು. ಸುದರ್ಶಿನಿಯಲ್ಲಿ ಸುಮಾರು 7.5 ಕಿಲೋಮೀಟರ್ ಹಗ್ಗ ಇದೆ, ಅಂದರೆ ಕಂಬಗಳ ನಡುವೆ ಬಲೆಯಂತೆ ಎಳೆಗಳು ಕಾಣಬೇಕು. ಇವರು ಹಾಕಿದ ದಾರ ದಪ್ಪ, ಗಂಟುಗಳೂ ದೊಡ್ಡವು, ಹಾಗಾಗಿ ಹಿಂದಿನ ಕಂಬ ಗಿಜಿಗಿಜಿ ಅನಿಸುತ್ತದೆ. ನಮ್ಮ ಬೇಸಿಗೆಗೆ ಒಂದು ಅಡ್ಡಮರದ ಅಂಟು ಕೂಡ ಬಿಟ್ಟಿತು. ತೆಗೆದುಕೊಂಡು ಹೋದರೆ ಕಾಕಾ ದುಡ್ಡು ಕೇಳದೆ ಸರಿಮಾಡಿಕೊಟ್ಟರು.

ಮಾಡಿಸೋರು ತೆಳ್ಳಗಿನ ದಾರ ನೀವೇ ಕೊಡಿಸಿ. ಗಾಜಿನ ಪೆಟ್ಟಿಗೆಯನ್ನೂ ಜೊತೆಗೇ ಹೇಳಿಬಿಡಿ, ಇಲ್ಲದಿದ್ದರೆ ಹಾಯಿಗಳಿಗೆಲ್ಲ ಧೂಳು ಹತ್ತುತ್ತದೆ, ಒರೆಸೋಕೆ ಹೋದರೆ ದಾರ ಕಿತ್ತು ಬರುತ್ತದೆ.