ಕಾಸ್ಟ್ ಐರನ್ ಬುಲೆಟ್ 350: ಆರಾಧನೆಯ ಕ್ಯಾಲೆಂಡರಿಗೆ ಒಗ್ಗುವ ಗಾಡಿ

ಹಳೆ ಬುಲೆಟ್ ಓಡಿಸಿ ಕೆಡುವುದಕ್ಕಿಂತ ನಿಲ್ಲಿಸಿಟ್ಟು ಕೆಡುವುದೇ ಹೆಚ್ಚು. ಈ ಗಾಡಿಯ ಬಗ್ಗೆ ಮೊದಲು ಹೇಳಬೇಕಾದ ಮಾತು ಇದು. ಕೊಳ್ಳುವ ಮುಂಚೆ ಅದರ ಬಣ್ಣ, ಕ್ರೋಮ್ ನೋಡುವವರು ಬಹಳ. ವಾರಕ್ಕೊಮ್ಮೆ ಅದನ್ನು ಹೊರಗೆ ತೆಗೆಯಲು ನನಗೆ ಕಾರಣ ಇದೆಯಾ ಎಂದು ಕೇಳಿಕೊಳ್ಳುವವರು ಕಮ್ಮಿ. ಚರ್ಚಿಗೆ ಹೋಗುವವರಿಗೆ ಆ ಕಾರಣ ಭಾನುವಾರ ಭಾನುವಾರವೂ ತಾನಾಗಿ ಬರುತ್ತದೆ. ಹಾಗಾಗಿ ವಿಶ್ವಾಸಿ ಸವಾರನಿಗೆ ಇದಕ್ಕಿಂತ ಹೊಂದುವ ಹಳೆ ಗಾಡಿ ಇನ್ನೊಂದಿಲ್ಲ ಎಂಬುದು ನಮ್ಮ ತೀರ್ಮಾನ. ಅದರ ಕುಂದುಗಳನ್ನೂ ಮುಚ್ಚಿಡದೆ ಕೆಳಗೆ ಬರೆದಿದೆ.

ಇಲ್ಲಿ ಮಾತಾಡುತ್ತಿರುವುದು 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕಿನ 346 ಸಿಸಿ ಎಂಜಿನ್, ಬಲಗಾಲಿನ ಗೇರ್, ನಾಲ್ಕು ಗೇರಿನ ಆಲ್ಬಿಯನ್ ಮಾದರಿಯ ಗೇರ್ ಪೆಟ್ಟಿಗೆ, ಪಾಯಿಂಟ್ಸ್ ಇಗ್ನಿಷನ್ (ತೆರೆದು ಮುಚ್ಚುವ ಸಂಪರ್ಕ ತುಂಡುಗಳಿಂದ ಕಿಡಿ ಹಾರಿಸುವ ವ್ಯವಸ್ಥೆ) ಇರುವ ಗಾಡಿಯ ಬಗ್ಗೆ. ಬ್ಯಾರಲ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಕಂಪ್ರೆಷನ್ ಬರೀ 6.5:1, ಶಕ್ತಿ 18 ಬಿಎಚ್‌ಪಿ. ಗಂಟೆಗೆ 60–70 ಕಿ.ಮೀ.ನಲ್ಲಿ ದಿನವಿಡೀ ಹೋಗುತ್ತದೆ. 80 ದಾಟಿಸಿ ಹಿಡಿದರೆ ನಡುಕಕ್ಕೆ ನಟ್‌ಗಳು ಸಡಿಲಾಗುತ್ತವೆ. ಬ್ರೇಕ್ ಈ ಗಾಡಿಯ ದೊಡ್ಡ ಕೊರತೆ. ಡ್ರಮ್ ಬ್ರೇಕಿಗೆ ತಕ್ಕ ಅಂತರ ಬಿಟ್ಟು ಓಡಿಸುವ ತಾಳ್ಮೆ ಇಲ್ಲದವರು ಇದನ್ನು ಕೊಳ್ಳಬಾರದು.

ಬೈಕಿಗೂ ಬಲಿಪೀಠಕ್ಕೂ ನಂಟು ಹೊಸದೇನಲ್ಲ. 1959ರಲ್ಲಿ ಲಂಡನ್ನಿನ ಹ್ಯಾಕ್ನಿ ವಿಕ್‌ನಲ್ಲಿದ್ದ ಈಟನ್ ಮಿಷನ್ ಚರ್ಚಿನ ಯುವಕರ ಕೂಟವಾಗಿ ಹುಟ್ಟಿದ ಫಿಫ್ಟಿ ನೈನ್ ಕ್ಲಬ್ಬಿನಲ್ಲಿ, ಪಾದ್ರಿ ಬಿಲ್ ಶೆರ್ಗೋಲ್ಡ್ 1962ರಲ್ಲಿ ಬೈಕ್ ಸವಾರರಿಗಾಗಿಯೇ ಒಂದು ವಿಭಾಗ ತೆರೆದರು. ಜನ ದೂರ ಇಟ್ಟಿದ್ದ ಹುಡುಗರನ್ನು ಅವರು ಗಾಡಿಯ ಸಮೇತ ಚರ್ಚಿಗೆ ಕರೆದರು. ಇವತ್ತಿಗೂ ಸಭೆಗಳಲ್ಲಿ ಗಾಡಿಗಳ ಆಶೀರ್ವಾದ ನಡೆಯುವಾಗ ಅವರ ನೆನಪಾಗಬೇಕು.

ಈಗ ವಾರದ ಕೆಲಸ. ಬೆಂಕಿ ಆರದಂತೆ ಯಾಜಕನು ದಿನಾ ಬೆಳಿಗ್ಗೆ ಸೌದೆ ಒಟ್ಟಬೇಕೆಂದು ಬೈಬಲಿನ ಯಾಜಕಕಾಂಡದಲ್ಲಿದೆಯಲ್ಲ, ಬುಲೆಟ್ಟಿಗೆ ಸೌದೆ ಎಂದರೆ ಚೆನ್ನಾಗಿ ಬಿಸಿಯಾಗುವಷ್ಟು ಓಟ. ಚರ್ಚು ಎರಡೇ ಕಿ.ಮೀ. ದೂರವಿದ್ದರೆ ನೇರ ಹೋಗಿ ನೇರ ಬರಬೇಡಿ. ತಣ್ಣನೆಯ ಎಂಜಿನ್ನಿನೊಳಗೆ ತೇವ ಕಟ್ಟುತ್ತದೆ, ಎಣ್ಣೆ ಕಾಯದಿದ್ದರೆ ಅದು ಆವಿಯಾಗುವುದಿಲ್ಲ. ಎಣ್ಣೆ ಅಳೆಯುವ ಡಿಪ್‌ಸ್ಟಿಕ್ಕಿನ ಮುಚ್ಚಳದಡಿ ಮಜ್ಜಿಗೆಯಂಥ ಬಿಳಿ ಲೋಳೆ ಕಂಡರೆ ಅದೇ. ಹೋಗಿ ಬರುವುದು ಸೇರಿ 20 ಕಿ.ಮೀ. ಆದರೂ ಆಗಲಿ, ಬರುವಾಗ ಸುತ್ತು ಹಾಕಿ ಬನ್ನಿ.

ಸ್ಟಾರ್ಟ್ ಮಾಡುವುದಕ್ಕೆ ಬಲಕ್ಕಿಂತ ಕಣ್ಣು ಬೇಕು. ಮೊದಲು ಇಗ್ನಿಷನ್ ಆಫ್ ಇರುವಾಗಲೇ ಕ್ಲಚ್ ಹಿಡಿದು ಎರಡು ಮೂರು ಸಲ ಕಿಕ್ ತುಳಿಯಿರಿ. ಅಂಟಿಕೊಂಡ ಪ್ಲೇಟುಗಳು ಬಿಡುತ್ತವೆ, ಫಸ್ಟ್ ಗೇರ್ ಹಾಕಿದಾಗ ಗಾಡಿ ಜಿಗಿಯುವುದಿಲ್ಲ. ಆಮೇಲೆ ಕೀ ತಿರುಗಿಸಿ, ಕರೆಂಟ್ ತೋರಿಸುವ ಆಮೀಟರಿನ ಮುಳ್ಳಿನ ಮೇಲೆ ಕಣ್ಣಿಟ್ಟು ಕಿಕ್ ಮೆಲ್ಲಗೆ ಒತ್ತಿ. ಮುಳ್ಳು ಎಡಕ್ಕೆ, ಡಿಸ್ಚಾರ್ಜ್ ಕಡೆಗೆ ವಾಲಿರುತ್ತದೆ. ಕಾಲಿಗೆ ಗಟ್ಟಿಯಾಗಿ ತಡೆ ಸಿಕ್ಕಿದ ಕೂಡಲೇ ಸಿಲಿಂಡರಿನ ಒತ್ತಡ ಹೊರಬಿಡುವ ಡಿಕಂಪ್ರೆಸರ್ ಲಿವರ್ ಹಿಡಿದು ಇನ್ನೊಂದಿಷ್ಟು ಒತ್ತಿ. ಮುಳ್ಳು ಟಕ್ಕನೆ ನಡುವಿಗೆ ಬಂದು ನಿಂತಿತೆಂದರೆ ಪಾಯಿಂಟ್ಸ್ ತೆರೆದಿದೆ. ಲಿವರ್ ಬಿಡಿ, ಕಿಕ್ ಪೂರ್ತಿ ಮೇಲೆ ಬರಲಿ, ನಂತರ ಒಂದೇ ಒದೆ, ತಳ ಮುಟ್ಟುವವರೆಗೆ. ಅರ್ಧಕ್ಕೆ ಬಿಟ್ಟ ಕಿಕ್ ತಿರುಗಿ ಹೊಡೆದರೆ ಕಣಕಾಲು ಊದಿಕೊಳ್ಳುತ್ತದೆ.

ಎಂಜಿನ್ ಹಿಡಿದ ಮೇಲೆ ಒಂದು ನಿಮಿಷವಾದರೂ ಐಡ್ಲಿಂಗಿನಲ್ಲಿ ನಿಲ್ಲಿಸಿ. ಎಣ್ಣೆ ಮೇಲೆ ವಾಲ್ವ್ ಒತ್ತುವ ರಾಕರುಗಳವರೆಗೆ ಏರಲು ಹೊತ್ತು ಬೇಕು. ಆ ಹೊತ್ತಿಗೆ ನಾವು ಹೇಳುವುದು 121ನೆಯ ಕೀರ್ತನೆ. ಅದರಲ್ಲಿ ಎಂಟೇ ವಚನ. ಹೋಗುವಾಗಲೂ ಬರುವಾಗಲೂ ಕಾಯುವವನ ಮಾತಿನಲ್ಲಿ ಮುಗಿಯುತ್ತದೆ. ಅವಸರವಿಲ್ಲದೆ ಬಾಯಿಬಿಟ್ಟು ಹೇಳಿದರೆ ಹೆಚ್ಚುಕಮ್ಮಿ ಒಂದು ನಿಮಿಷವೇ ಆಗುತ್ತದೆ. ಗಡಿಯಾರ ನೋಡುವುದಕ್ಕಿಂತ ಇದು ಮೇಲು, ಕೀರ್ತನೆ ಮುಗಿಯುವ ಮುಂಚೆ ಗೇರಿಗೆ ಕಾಲು ಹೋಗುವುದಿಲ್ಲ.

ಹೊಸಬರು ಎಣ್ಣೆಯ ವಿಷಯದಲ್ಲಿ ಮಾಡುವ ತಪ್ಪು ಒಂದಿದೆ. ನಾಲ್ಕಾರು ವಾರ ನಿಂತ ಗಾಡಿಯಲ್ಲಿ ಎಂಜಿನ್ನಿನೊಳಗೇ ಇರುವ ಎಣ್ಣೆ ಟ್ಯಾಂಕಿನ ಎಣ್ಣೆ ಪಂಪಿನ ಮೂಲಕ ಮೆಲ್ಲಗೆ ಕ್ರ್ಯಾಂಕ್ ಇರುವ ಕಡೆಗೆ ಇಳಿದುಬಿಡುತ್ತದೆ. ಡಿಪ್‌ಸ್ಟಿಕ್ ಒಣಗಿರುತ್ತದೆ. ಎಣ್ಣೆ ಖಾಲಿ ಎಂದು ಅರ್ಧ ಲೀಟರ್ ಸುರಿಯುತ್ತಾರೆ. ಸ್ಟಾರ್ಟ್ ಆದ ಮೇಲೆ ಕೆಳಗಿದ್ದದ್ದೂ ವಾಪಸ್ ಬಂದು, ಸೈಲೆನ್ಸರಿನಲ್ಲಿ ಹೊಗೆ, ಗಾಳಿ ಬಿಡುವ ಬ್ರೀದರಿನಲ್ಲಿ ಎಣ್ಣೆ. ಮೊದಲು ಐದು ನಿಮಿಷ ಓಡಿಸಿ, ಆಫ್ ಮಾಡಿ ಎರಡು ನಿಮಿಷ ಬಿಟ್ಟು, ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನೇರ ನಿಲ್ಲಿಸಿ ಅಳೆಯಿರಿ. ಪ್ರತಿ ವಾರ ಓಡುವ ಗಾಡಿಗೆ ಈ ಕಾಟ ಬಹುಪಾಲು ಇರುವುದೇ ಇಲ್ಲ.

ದೊಡ್ಡ ಕೆಲಸಗಳನ್ನು ಎರಡು ಕಾಲಕ್ಕೆ ಹಂಚಿಕೊಳ್ಳಿ ಎಂಬುದು ನಮ್ಮ ಸಲಹೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ವಾರ ಎಂಜಿನ್ ಟ್ಯೂನಿಂಗಿಗೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲ ತೊಳೆದು ಖಾಲಿ ಮಾಡುವ ಕೆಲಸಕ್ಕೆ. ತಾರೀಕು ಮರೆಯಬಹುದು, ಹಬ್ಬದ ಕಾಲ ಮರೆಯುವುದಿಲ್ಲ.

ಆಗಮನದ ಮೊದಲ ವಾರ ಪಾಯಿಂಟ್ಸ್. ಗ್ಯಾಪ್ 0.35ರಿಂದ 0.40 ಮಿ.ಮೀ. ಫೀಲರ್ ಗೇಜ್ ಹಾಕುವ ಮುಂಚೆ ಮುಖಗಳನ್ನು ನುಣುಪು ಅರದಿಂದ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಕಾಗದ ಎಳೆದು ಒರೆಸಿ. ಅರದ ಪುಡಿ ಉಳಿದರೆ ಕಿಡಿ ಬರುವುದಿಲ್ಲ. ಕ್ಯಾಮಿಗೆ ತಾಗುವ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಗ್ಯಾಪ್ ಕಿರಿದಾದಂತೆ ಟೈಮಿಂಗ್ (ಕಿಡಿ ಹಾರುವ ಸಮಯ) ಹಿಂದೆ ಬೀಳುತ್ತದೆ, ಎಂಜಿನ್ ಸುಡುತ್ತದೆ, ಏರಿನಲ್ಲಿ ಉಸಿರು ಬಿಡುತ್ತದೆ. ಕಾರ್ಬುರೇಟರ್ ಬಿಚ್ಚುವ ಮುಂಚೆ ಇದನ್ನು ನೋಡದವರೇ ಹೆಚ್ಚು. ಟೈಮಿಂಗ್ ಪೂರ್ತಿ ರಿಟಾರ್ಡ್ (ತಡವಾದ) ಸ್ಥಿತಿಯಲ್ಲಿ, ಪಿಸ್ಟನ್ ಮೇಲ್ತುದಿ ಮುಟ್ಟಲು 0.8 ಮಿ.ಮೀ. ಇರುವಾಗ ಪಾಯಿಂಟ್ಸ್ ಬಿಡಿಸಬೇಕು. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂದಕ್ಕೆ ತರುವ ಅಡ್ವಾನ್ಸ್ ಯೂನಿಟ್ಟನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ತಾನೇ ಹಿಂದಕ್ಕೆ ಬರಬೇಕು. ಅಂಟಿಕೊಂಡಿದ್ದರೆ ಕಿಕ್ ತಿರುಗಿ ಹೊಡೆಯುವುದಕ್ಕೆ ಅದೇ ಮೂಲ. ಪಾಯಿಂಟ್ಸಿನಲ್ಲಿ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ ಅದನ್ನು ತಡೆಯುವ ಕಂಡೆನ್ಸರ್ ಹೋಗಿದೆ.

ಎರಡನೆಯ ವಾರ ಟ್ಯಾಪೆಟ್, ಅಂದರೆ ವಾಲ್ವ್ ತೆರೆಸುವ ಭಾಗಗಳ ಸಂದಿನ ಹೊಂದಾಣಿಕೆ. ರಾತ್ರಿಯಿಡೀ ತಣಿದ ಎಂಜಿನ್, ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿ. ರಾಕರನ್ನು ತಳ್ಳುವ ಸರಳಾದ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಒಂದಿಷ್ಟೂ ಆಡಬಾರದು. ಬಿಸಿಯಾದಾಗ ಬೇಕಾದ ಸಂದು ತಾನಾಗಿ ಬರುತ್ತದೆ. ಟಕಟಕ ಸದ್ದು ನಿಲ್ಲಲಿ ಎಂದು ಬಿಗಿ ಮಾಡಿದರೆ ವಾಲ್ವ್ ಪೂರ್ತಿ ಕೂರದೆ ಸುಟ್ಟುಹೋಗುತ್ತದೆ. ಡಿಕಂಪ್ರೆಸರ್ ಕೇಬಲ್ಲಿಗೂ ಸ್ವಲ್ಪ ಸಡಿಲ ಇರಲಿ, ಕಾರಣ ಅದೇ. ಉಳಿದೆರಡು ವಾರ ಚೈನು, ಕೇಬಲ್ಲು, ಬ್ಯಾಟರಿ, ಲೈಟು. ಎಂಜಿನ್ನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನ್ ತೀರಾ ಬಿಗಿಯಾಗುವ ಜಾಗದಲ್ಲೂ 6 ಮಿ.ಮೀ. ಆಡಬೇಕು. ಚೈನ್‌ಕೇಸಿಗೆ ನಡುವೆ ಇರುವುದು ಒಂದೇ ನಟ್. ಸೋರುತ್ತದೆಂದು ಅದನ್ನು ಜಗ್ಗಿ ಬಿಗಿದರೆ ಕವರ್ ಸೊಟ್ಟಗಾಗಿ ಇನ್ನೂ ಸೋರುತ್ತದೆ. ಸೀಲ್ ಬದಲಿಸಿ.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಎಣ್ಣೆಯ ಕೆಲಸ. ಗಾಡಿ ಓಡಿಸಿ ತಂದು, ಎಣ್ಣೆ ಬಿಸಿಯಿರುವಾಗಲೇ ಡ್ರೈನ್ ಪ್ಲಗ್‌ಗಳನ್ನು ಬಿಚ್ಚಿ. 20ಡಬ್ಲ್ಯೂ-50 ಮಿನರಲ್ ಎಣ್ಣೆ ಸುಮಾರು ಎರಡೂಕಾಲು ಲೀಟರ್ ಹಿಡಿಯುತ್ತದೆ, ಕೊನೆಯ ಮಾತು ಡಿಪ್‌ಸ್ಟಿಕ್ಕಿನದೇ. ಫಿಲ್ಟರ್ ಬದಲಿಸಿದ ಮೇಲೆ ಸ್ಟಾರ್ಟ್ ಮಾಡಿ, ರಾಕರಿಗೆ ಹೋಗುವ ಪೈಪಿನ ಬ್ಯಾಂಜೋ ಬೋಲ್ಟ್ (ಒಳಗೆ ಎಣ್ಣೆ ಹರಿಯುವ ಟೊಳ್ಳು ಬೋಲ್ಟ್) ಅರೆಸುತ್ತು ಸಡಿಲಿಸಿ. ಎಣ್ಣೆ ಜಿನುಗಿದರೆ ಸರಿ. ಜಿನುಗದಿದ್ದರೆ ಆ ಕ್ಷಣವೇ ಆಫ್ ಮಾಡಿ. ಟೈಮಿಂಗ್ ಕವರ್ ತೆಗೆಯುವ ಸಂದರ್ಭ ಬಂದರೆ ಕ್ರ್ಯಾಂಕಿಗೆ ಎಣ್ಣೆ ಕೊಡುವ ತುದಿಯ ಸೀಲ್ ಹೊಸದೇ ಹಾಕಿ. ಆ ಚಿಕ್ಕ ಬಿಲ್ಲೆ ಸೋತರೆ ಬಿಗ್ ಎಂಡಿಗೆ (ಕ್ರ್ಯಾಂಕಿನ ಬೇರಿಂಗಿಗೆ) ಹೋಗಬೇಕಾದ ಎಣ್ಣೆ ದಾರಿಯಲ್ಲೇ ಹೋಗುತ್ತದೆ, ಎಂಜಿನ್ನಿಗೆ ಪೂರ್ತಿ ಕೆಲಸ ಬರುತ್ತದೆ. ಒಳಗೆ ಎಣ್ಣೆ ಪಂಪನ್ನು ತಿರುಗಿಸುವ ವರ್ಮ್ ನಟ್ಟಿನದು ಎಡಮರೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಬಲಮರೆಯೆಂದು ತಿಳಿದು ಬಲ ಹಾಕಿ ಮುರಿದವರಿದ್ದಾರೆ.

ಶುಭ ಶುಕ್ರವಾರದೊಳಗೆ ಇಷ್ಟೂ ಮುಗಿದಿರಲಿ. ಈಸ್ಟರ್ ಬೆಳಗಿನ ಜಾವದ ಆರಾಧನೆಗೆ ಕತ್ತಲಲ್ಲೇ ಹೊರಡಬೇಕು, ಗಾಡಿ ಮಂಜಿಗೆ ತಣ್ಣಗಾಗಿರುತ್ತದೆ, ಆಮೀಟರಿನ ಮುಳ್ಳು ಕಾಣಲು ಕೈಯಲ್ಲಿ ಟಾರ್ಚ್ ಬೇಕು. ವರ್ಷದ ಅಷ್ಟೂ ಕೆಲಸಕ್ಕೆ ಆ ಒಂದು ಒದೆಯೇ ಪರೀಕ್ಷೆ. ಗಾಡಿಯ ಟೂಲ್ ಪೆಟ್ಟಿಗೆಯಲ್ಲಿ ಒಂದು ಜೊತೆ ಪಾಯಿಂಟ್ಸ್, ಕಂಡೆನ್ಸರ್, ಪ್ಲಗ್, ಕ್ಲಚ್ ಕೇಬಲ್, ಚೈನ್ ಲಾಕ್ ಇರಲಿ. ಪಾಯಿಂಟ್ಸ್ ಹೊಸದಾಗಿರಲಿ. ಬಿಚ್ಚಿದ ಹಳೆಯದನ್ನು ‘ಬೇಕಾಗಬಹುದು’ ಎಂದು ಪೆಟ್ಟಿಗೆಗೆ ಹಾಕಬೇಡಿ.