1:20 ಅಳತೆಯ ಗೊರಿಲ್ಲಾ ಬೊಂಬೆ ಸೆಟ್: ಗಂಡು ಸರಿ, ಹೆಣ್ಣು ತಪ್ಪು

ಮಡಿಕೇರಿಯ ಆಟಿಕೆ ಅಂಗಡಿಯಲ್ಲಿ ಸಿಗುವ ಈ ಸೆಟ್‌ನಲ್ಲಿ ಆರು ಗೊರಿಲ್ಲಾಗಳಿವೆ: ಬೆನ್ನು ಬೆಳ್ಳಗಾದ, ಬೇರೆ ಬೇರೆ ಉಪಜಾತಿಗಳ ಮೂರು ಗಂಡು, ಪ್ರಾಯಕ್ಕೆ ಬರುತ್ತಿರುವ ಒಂದು ಗಂಡು, ಒಂದು ಹೆಣ್ಣು, ಒಂದು ಮರಿ. ಮನೆಯಲ್ಲಿ ಆಡುವ ಮಕ್ಕಳಿಗೆ ಧಾರಾಳವಾಗಿ ಕೊಡಿಸಬಹುದು. ಶಾಲೆಯ ವಿಜ್ಞಾನ ಕೊಠಡಿಗಾದರೆ ಡಬ್ಬದ ಮೇಲಿನ ಹೆಸರುಗಳನ್ನು ಹಾಗೇ ನಂಬಬೇಡಿ, ಅಳೆದು ನೋಡಿ.

ಸ್ಕೇಲಿನಿಂದ ಅಳೆಯುವುದು ಕಷ್ಟ. ಬೊಂಬೆಗಳೆಲ್ಲ ಕೈಬೆರಳ ಗೆಣ್ಣೂರಿ ನಡೆಯುವ ಭಂಗಿಯಲ್ಲಿವೆ. ಪುಸ್ತಕಗಳು ಕೊಡುವುದು ಎದ್ದು ನಿಂತಾಗಿನ ಎತ್ತರ, ಗಂಡಿಗೆ ಸುಮಾರು 1.4ರಿಂದ 1.8 ಮೀಟರ್. ಅದಕ್ಕಿಂತ ನೀರು ಮತ್ತು ತಕ್ಕಡಿಯ ದಾರಿ ಒಳ್ಳೆಯದು. 0.1 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಬೊಂಬೆಯನ್ನು ತೆಳು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಬರುವ ಗ್ರಾಂ ಎಷ್ಟೋ ಬೊಂಬೆಯ ಗಾತ್ರ ಅಷ್ಟು ಮಿಲಿಲೀಟರ್. ಅದನ್ನು 8ರಿಂದ ಗುಣಿಸಿದರೆ ನಿಜವಾದ ಪ್ರಾಣಿಯ ತೂಕ ಹೆಚ್ಚು ಕಡಿಮೆ ಕಿಲೋದಲ್ಲಿ ಸಿಗುತ್ತದೆ. ಇಪ್ಪತ್ತರ ಘನ 8,000, ಮೈಯ ಸಾಂದ್ರತೆ ನೀರಿನ ಹತ್ತಿರ, ಅದಕ್ಕೇ ಈ ಲೆಕ್ಕ. ಬೊಂಬೆ ಲೋಟದ ತಳಕ್ಕೆ ತಾಗಿದರೆ ಪ್ಲಾಸ್ಟಿಕ್ಕಿನ ತೂಕವೂ ಸೇರಿ ಲೆಕ್ಕ ಕೆಡುತ್ತದೆ. ಕಂಕುಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಂಕಿ ಏರುತ್ತದೆ, ಒಮ್ಮೆ ಅಲ್ಲಾಡಿಸಿ ಬಿಡಿಸಿ.

ಪಶ್ಚಿಮದ ತಗ್ಗುಪ್ರದೇಶದ ಗಂಡು 20 ಗ್ರಾಂ ತೋರಿಸುತ್ತದೆ, ಅಂದರೆ 160 ಕಿಲೋ. ಕಾಡಿನ ಗಂಡಿಗೆ ಒಪ್ಪುವ ತೂಕ: 50 ಕಿಲೋದ ಮೂರು ಕಾಫಿ ಮೂಟೆಗಿಂತ ಸ್ವಲ್ಪ ಹೆಚ್ಚು. ನೆತ್ತಿಯ ಕೆಂಗಂದು ಕೂದಲು, ತೊಡೆಯವರೆಗೆ ಇಳಿದ ಬೆಳ್ಳಿಬಣ್ಣ ಎರಡನ್ನೂ ಶ್ರದ್ಧೆಯಿಂದ ತೋರಿಸಿದ್ದಾರೆ. ಪೂರ್ವದ ತಗ್ಗುಪ್ರದೇಶದ್ದು ಅದೇ ಅಚ್ಚು, ಬಣ್ಣ ಮಾತ್ರ ಬೇರೆ. ನಾಲ್ಕು ಉಪಜಾತಿಗಳಲ್ಲಿ ಅತಿ ದೊಡ್ಡದು ಇದೇ, ಗಂಡು 200 ಕಿಲೋ ಮುಟ್ಟಬಲ್ಲದು. ಆದರೆ ಆ 40 ಕಿಲೋ ಉದ್ದದಲ್ಲಿ ಕಾಣುವುದು ನೂರಕ್ಕೆ ಏಳೆಂಟು ಪಾಲು ಮಾತ್ರ. ಬೊಂಬೆಯಲ್ಲಿ ಸುಮಾರು ಅರ್ಧ ಸೆಂಟಿಮೀಟರ್. ಆದ್ದರಿಂದ ಈ ತಪ್ಪನ್ನು ಕ್ಷಮಿಸಬಹುದು.

ಬೆಟ್ಟದ ಗೊರಿಲ್ಲಾಗೆ ಬೇರೆಯೇ ಅಚ್ಚು ಇದೆ, ಸೆಟ್‌ನಲ್ಲಿ ಅತ್ಯುತ್ತಮ ಬೊಂಬೆ ಅದು. ಮಧ್ಯ ಆಫ್ರಿಕಾದ ವಿರುಂಗಾ ಬೆಟ್ಟಗಳ ಚಳಿಗೆ ಬೆಳೆದ ಉದ್ದ ರೋಮ ಚೆನ್ನಾಗಿ ಮೂಡಿದೆ. ತಕ್ಕಡಿ ಇದಕ್ಕೆ 23 ಗ್ರಾಂ ತೋರಿಸುತ್ತದೆ, ಆದರೆ ರೋಮವೂ ಗಟ್ಟಿ ಪ್ಲಾಸ್ಟಿಕ್ ಆದ್ದರಿಂದ ಅದನ್ನು ನೇರವಾಗಿ ಕಿಲೋಗೆ ಬದಲಿಸಬೇಡಿ. ಜೀವಂತ ಪ್ರಾಣಿಯೂ ರೋಮದಿಂದಾಗಿ ಇರುವುದಕ್ಕಿಂತ ದಪ್ಪ ಕಾಣುತ್ತದೆ.

ಹೆಣ್ಣು ಬೊಂಬೆಯದೇ ದೊಡ್ಡ ದೋಷ. ಹೆಣ್ಣು ಗಂಡಿನ ಅರ್ಧದಷ್ಟು ತೂಗುತ್ತದೆ ಎಂಬುದು ನಿಜ. ತಯಾರಕರು ಉದ್ದವನ್ನೇ ಅರ್ಧ ಮಾಡಿಬಿಟ್ಟಿದ್ದಾರೆ. ಉದ್ದ ಅರ್ಧವಾದರೆ ಅಗಲವೂ ದಪ್ಪವೂ ಅರ್ಧವಾಗಿ ತೂಕ ಎಂಟನೇ ಒಂದಕ್ಕೆ ಇಳಿಯುತ್ತದೆ. ತಕ್ಕಡಿ ತೋರಿಸುವುದು ಎರಡೂವರೆ ಗ್ರಾಂ, ಅಂದರೆ 20 ಕಿಲೋ. ಅದು ತಾಯಿಯಲ್ಲ, ಇನ್ನೂ ಬೆಳೆಯಬೇಕಾದ ಕೂಸು. ಅರ್ಧ ತೂಕಕ್ಕೆ ಉದ್ದ ಗಂಡಿನ ಐದರಲ್ಲಿ ನಾಲ್ಕು ಪಾಲು ಇರಬೇಕಿತ್ತು. ಈ ಬೊಂಬೆ ನೋಡಿ ಕಲಿತ ಮಕ್ಕಳ ಮನಸ್ಸಲ್ಲಿ ತಪ್ಪು ಚಿತ್ರವೇ ಉಳಿದುಬಿಡುತ್ತದೆ, ಅದು ನಮಗೆ ನಿಜಕ್ಕೂ ಬೇಸರದ ಸಂಗತಿ.

ಪರಿಹಾರ ಸೆಟ್‌ನಲ್ಲೇ ಇದೆ. ಪ್ರಾಯಕ್ಕೆ ಬರುತ್ತಿರುವ ಗಂಡು 11 ಗ್ರಾಂ, ಸುಮಾರು 88 ಕಿಲೋ. ಎಂಟರಿಂದ ಹನ್ನೆರಡು ವರ್ಷದ ಗಂಡಿಗೆ ಬೆನ್ನು ಇನ್ನೂ ಕಪ್ಪು, ನೆತ್ತಿಯ ಏಣು ಎದ್ದಿರುವುದಿಲ್ಲ, ಮೈಗಾತ್ರ ಬೆಳೆದ ಹೆಣ್ಣಿನಷ್ಟೇ. ಹೆಣ್ಣಿನ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ, ಗಂಡು ಇನ್ನೂ ಕೆಲವು ವರ್ಷ ತುಂಬಿಕೊಳ್ಳುತ್ತಾ ಹೋಗುತ್ತದೆ. ಆ ಬೊಂಬೆಯನ್ನೇ ತಾಯಿಯೆಂದು ಇಡಿ. 2021ರಲ್ಲಿ ಜರ್ಮನಿಯಿಂದ ಮೈಸೂರು ಮೃಗಾಲಯಕ್ಕೆ ಬಂದ ಗಂಡು ಗೊರಿಲ್ಲಾಗಳಲ್ಲಿ ಥಾಬೊಗೆ ಆಗ 14 ವರ್ಷ, ಡೆಂಬಾಗೆ 8. ಮೈಸೂರಿಗೆ ಪ್ರವಾಸ ಕರೆದೊಯ್ಯುವ ಶಿಕ್ಷಕರು ವಯಸ್ಸಿಗೂ ಗಾತ್ರಕ್ಕೂ ಇರುವ ನಂಟನ್ನು ಅವುಗಳನ್ನು ತೋರಿಸಿಯೇ ಹೇಳಬಹುದು. ಎರಡೂ ಪಶ್ಚಿಮದ ತಗ್ಗುಪ್ರದೇಶದವು. ಬೆಟ್ಟದ ಗೊರಿಲ್ಲಾ ಯಾವ ಮೃಗಾಲಯದಲ್ಲೂ ಇಲ್ಲ. ಮೃಗಾಲಯಗಳ ಗಂಡುಗಳಲ್ಲಿ ಕೊಬ್ಬು ಸೇರಿ ತೂಕ ಏರುವುದುಂಟು, ಹಾಗಾಗಿ ಅಲ್ಲಿನ ತೂಕವನ್ನು ಕಾಡಿನದಕ್ಕೆ ಹೋಲಿಸಬೇಡಿ.

ಮರಿಯ ಮೇಲೆ ‘ಆಗ ತಾನೇ ಹುಟ್ಟಿದ್ದು’ ಎಂಬ ಚೀಟಿ ಇದೆ, ಅದನ್ನು ಕಿತ್ತುಹಾಕಿ. ಹುಟ್ಟಿದಾಗ ಗೊರಿಲ್ಲಾ ಸುಮಾರು 2 ಕಿಲೋ, ಈ ಅಳತೆಯಲ್ಲಿ ಕಾಲು ಗ್ರಾಂ. ಇಲ್ಲಿರುವುದು ಅದರ ಮೂರು ಪಟ್ಟು, ತಾಯಿಯ ಬೆನ್ನೇರುವಷ್ಟು ಬೆಳೆದದ್ದು.

ನಮ್ಮ ಮಳೆಗಾಲಕ್ಕೆ ರಟ್ಟಿನ ಡಬ್ಬ ಬೂಷ್ಟು ಹಿಡಿಯುತ್ತದೆ, ಎಸೆದುಬಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಮೆದು ಪಿವಿಸಿ ಅಂಟಂಟಾಗುತ್ತದೆ. ತೆರೆದ ಕಪಾಟಿನಲ್ಲಿ ಒಂದಕ್ಕೊಂದು ತಾಗದಂತೆ ಇಡಿ. ಜಿಗುಟಾದರೆ ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅದೇ ಕಪಾಟಿನಲ್ಲಿ ನ್ಯಾಫ್ತಲೀನ್ ಗುಳಿಗೆ ಬೇಡ, ಬಣ್ಣ ಮೆತ್ತಗಾಗುತ್ತದೆ.